ಸೆಕೆಂಡ್ ಹ್ಯಾಂಡ್ ಆಡಿ ಟಿಟಿ ತಗೊಂಡಿದ್ದೇನೆ, ರಿಪೇರಿಗೆ ಯಾರನ್ನು ನಂಬಲಿ?

ಪ್ರಶ್ನೆ: ಸರ್, ನಾನು ದಾವಣಗೆರೆಯವನು. ಕಾಲೇಜಿನ ದಿನಗಳಿಂದ ಆಸೆಪಟ್ಟಿದ್ದ ಆಡಿ ಟಿಟಿ ಕಾರನ್ನು ಹೋದ ತಿಂಗಳು ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಡೀಲರ್ ಒಬ್ಬರಿಂದ ತಗೊಂಡೆ. 2012ರ ಮಾಡೆಲ್, 2.0 ಟಿಎಫ್‌ಎಸ್‌ಐ ಕ್ವಾಟ್ರೊ, ಆಟೊಮ್ಯಾಟಿಕ್. 61,000 ಕಿ.ಮೀ. ಓಡಿದೆ. ಎರಡು ವಾರ ಚೆನ್ನಾಗಿತ್ತು. ಈಗ ಟ್ರಾಫಿಕ್ಕಿನಲ್ಲಿ ನಿಧಾನಕ್ಕೆ ಹೋಗುವಾಗ ಒಂದನೇ ಗೇರಿನಿಂದ ಎರಡಕ್ಕೆ ಬೀಳುವಾಗ ಜರ್ಕ್ ಹೊಡೆಯುತ್ತದೆ. ಎರಡು ಸಲ ಮೀಟರಿನಲ್ಲಿ ಗೇರ್ ಸ್ಥಾನ ತೋರಿಸುವ ಪಿ-ಆರ್-ಎನ್-ಡಿ ಅಕ್ಷರಗಳು ಮಿನುಗಿದವು; ಕಾರು ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದ ಮೇಲೆ ಸರಿಹೋಯಿತು. ಇಲ್ಲಿನ ಮೆಕ್ಯಾನಿಕ್ ಒಬ್ಬರು ಸ್ಕ್ಯಾನರ್ ಹಾಕಿ, ಕಾರಿನ ಕಂಪ್ಯೂಟರ್ ಬರೆದಿಟ್ಟಿದ್ದ ದೋಷದ ಕೋಡ್ ಅಳಿಸಿ "ಏನೂ ಇಲ್ಲ, ಓಡಿಸಿ" ಎಂದರು. ಬೆಂಗಳೂರಿನ ಒಂದು ಗ್ಯಾರೇಜಿಗೆ ಫೋನ್ ಮಾಡಿದರೆ ಕಾರು ನೋಡದೆಯೇ "ಗೇರ್‌ಬಾಕ್ಸ್ ಪೂರ್ತಿ ಬದಲಾಯಿಸಬೇಕು, ಅಡ್ವಾನ್ಸ್ ಹಾಕಿ" ಎಂದರು. ಶೋರೂಮಿಗೆ ಹೋಗೋಣ ಅಂದರೆ ಬಿಲ್ಲಿನ ಭಯ. ಯಾರನ್ನು ನಂಬಲಿ? ಇಂಥ ಕಾರಿಗೆ ಒಳ್ಳೆ ಮೆಕ್ಯಾನಿಕ್ ಹುಡುಕೋದು ಹೇಗೆ?

ಉತ್ತರ: ಮೊದಲು ಆ ಇಬ್ಬರ ಮಾತನ್ನೂ ಪಕ್ಕಕ್ಕಿಡಿ. ಒಬ್ಬರು ಇದ್ದ ಸಾಕ್ಷಿಯನ್ನು ಅಳಿಸಿಬಿಟ್ಟರು. ಇನ್ನೊಬ್ಬರು ಸಾಕ್ಷಿ ನೋಡದೆಯೇ ತೀರ್ಪು ಕೊಟ್ಟರು. ಇಬ್ಬರೂ ಮೋಸಗಾರರು ಅಂತ ನಾನು ಹೇಳುವುದಿಲ್ಲ. ಅಳಿಸಿದವರು ನಿಮಗೆ ಒಳ್ಳೆಯದಾಗಲಿ ಅಂತಲೇ ಅಳಿಸಿರಬಹುದು. ಆದರೆ ನಿಮ್ಮ ಕಾರಿಗೆ ಈಗ ಬೇಕಿರುವವರು ಬೇರೆ ಥರದವರು. ಏನಾಗಿದೆ ಅಂತ ಅಳೆದು, ಅಳೆದದ್ದನ್ನು ನಿಮಗೆ ತೋರಿಸಿ, ಆಮೇಲೆ ರಿಪೇರಿ ಮಾತಾಡುವವರು. ಅಂಥವರು ಇದ್ದಾರೆ. ಹುಡುಕುವ ದಾರಿಯೂ ಇದೆ.

ಅದಕ್ಕೂ ಮೊದಲು ಒಂದು ಕೆಲಸ ಇವತ್ತೇ ಮಾಡಿ. ಡೀಲರ್ ಕೊಟ್ಟ ಕಾಗದಗಳನ್ನೆಲ್ಲ ತೆಗೆದು ಓದಿ. ಎಷ್ಟೋ ಡೀಲರ್‌ಗಳು ಎಂಜಿನ್ ಮತ್ತು ಗೇರ್‌ಬಾಕ್ಸಿಗೆ ಕೆಲವು ತಿಂಗಳ ವಾರಂಟಿ ಬರೆದುಕೊಟ್ಟಿರುತ್ತಾರೆ, ತಗೊಂಡವರು ಅದನ್ನು ಓದಿರುವುದೇ ಇಲ್ಲ. ಇದ್ದರೆ, ಜರ್ಕ್ ಯಾವತ್ತು ಶುರುವಾಯಿತು, ಅಕ್ಷರಗಳು ಯಾವಾಗ ಮಿನುಗಿದವು, ಆಗ ಮೀಟರ್ ಎಷ್ಟಿತ್ತು ಅಂತ ಬರೆದು ಡೀಲರಿಗೆ ಮೇಲ್ ಅಥವಾ ವಾಟ್ಸಾಪ್ ಮಾಡಿ. ಫೋನಿನಲ್ಲಿ ಆಡಿದ ಮಾತು ಲೆಕ್ಕಕ್ಕೆ ಬರುವುದಿಲ್ಲ. ಅವರ ಉತ್ತರ ಬರುವವರೆಗೆ ಗೇರ್‌ಬಾಕ್ಸಿನ ಒಂದು ಬೋಲ್ಟನ್ನೂ ಬಿಚ್ಚಿಸಬೇಡಿ. ಹೊರಗಿನವರು ಕೈ ಹಾಕಿದ್ದಾರೆ ಎನ್ನುವ ಒಂದೇ ನೆಪದಲ್ಲಿ ವಾರಂಟಿ ಕೈತಪ್ಪಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಬರೆದುಕೊಟ್ಟೂ ಡೀಲರ್ ಜಾರಿಕೊಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಅದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಿಲ್ಲ.

ಈಗ ಕಾರಿನ ವಿಷಯಕ್ಕೆ ಬರೋಣ. ಟಿಟಿ ನಮ್ಮ ರಸ್ತೆಗಳಲ್ಲಿ ಅಪರೂಪದ ಕಾರು. ಅದರ ಬಾನೆಟ್ ಕೆಳಗಿನ ಸಾಮಾನು ಮಾತ್ರ ಅಪರೂಪವಲ್ಲ. ಆಡಿಯವರು ಎಸ್ ಟ್ರಾನಿಕ್ ಅಂತ ಕರೆಯುವ ನಿಮ್ಮ ಗೇರ್‌ಬಾಕ್ಸ್ ಮತ್ತು ಅದೇ ಕಂಪನಿ ಗುಂಪಿನ ಫೋಕ್ಸ್‌ವ್ಯಾಗನ್, ಸ್ಕೋಡಾದವರು ಡಿಎಸ್‌ಜಿ ಅಂತ ಕರೆಯುವುದು ಒಂದೇ. ಆರು ಗೇರು, ಆಯಿಲ್‌ನಲ್ಲಿ ಮುಳುಗಿರುವ ಎರಡು ಕ್ಲಚ್. ಕಂಪನಿಯ ಒಳಹೆಸರು ಡಿಕ್ಯೂ250. 2003ರಲ್ಲಿ ಇದು ಮೊದಲು ಬಂದಾಗ ಗಾಲ್ಫ್ ಆರ್32 ಮತ್ತು ಹಿಂದಿನ ತಲೆಮಾರಿನ ಟಿಟಿ 3.2 ಕಾರಿನಲ್ಲೇ ಬಂತು. ನಮ್ಮಲ್ಲಿ ಇದೇ ಗೇರ್‌ಬಾಕ್ಸ್ ಸ್ಕೋಡಾ ಲಾರಾ, ಸೂಪರ್ಬ್, ಆಕ್ಟೇವಿಯಾದ 2 ಲೀಟರ್ ಡೀಸೆಲ್ ಆಟೊಮ್ಯಾಟಿಕ್‌ಗಳಲ್ಲಿ, ಫೋಕ್ಸ್‌ವ್ಯಾಗನ್ ಜೆಟ್ಟಾ, ಪಸ್ಸಾಟ್ ಡೀಸೆಲ್‌ಗಳಲ್ಲಿ ಬಂತು. ಎಂಜಿನ್ ಕೂಡ ಹಾಗೆಯೇ. ನಿಮ್ಮ 211 ಅಶ್ವಶಕ್ತಿಯ ಎಂಜಿನ್ ಇಎ888 ಎನ್ನುವ ಕುಟುಂಬದ್ದು. ಲಾರಾ ಮತ್ತು ಸೂಪರ್ಬ್ ಪೆಟ್ರೋಲಿನ 1.8 ಟಿಎಸ್‌ಐ ಅದರ ತಮ್ಮ.

ಹಾಗಾಗಿ "ಸ್ಪೋರ್ಟ್ಸ್ ಕಾರ್ ಸ್ಪೆಷಲಿಸ್ಟ್" ಅಂತ ಬೋರ್ಡ್ ಹಾಕಿದವರನ್ನು ಹುಡುಕಿಕೊಂಡು ಹೋಗಬೇಡಿ. ಲಾರಾ, ಸೂಪರ್ಬ್ ಡೀಸೆಲ್‌ಗಳ ಡಿಎಸ್‌ಜಿ ಬಿಚ್ಚಿ ಜೋಡಿಸಿದವರನ್ನು ಹುಡುಕಿ. ಟಿಟಿ ಇಟ್ಟುಕೊಂಡವರು ಊರಿಗೊಬ್ಬರು ಸಿಕ್ಕರೆ ಹೆಚ್ಚು. ಹಳೆ ಲಾರಾವನ್ನು ಲಕ್ಷ ಲಕ್ಷ ಕಿ.ಮೀ. ಓಡಿಸಿದವರು ನಿಮ್ಮ ಪಕ್ಕದ ಬೀದಿಯಲ್ಲೇ ಇದ್ದಾರು. ಅವರನ್ನು ಮಾತಾಡಿಸಿ. "ಯಾರ ಹತ್ತಿರ ಬಿಡ್ತೀರಿ?" ಅಂತ ಕೇಳಿ ಸುಮ್ಮನಾಗಬೇಡಿ. "ಗೇರ್‌ಬಾಕ್ಸಿಗೆ ಏನಾಗಿತ್ತು, ಏನು ಮಾಡಿದರು, ಆಮೇಲೆ ಎಷ್ಟು ಓಡಿತು?" ಅಂತ ಕೇಳಿ. ರಿಪೇರಿ ಆಗಿ ಒಂದು ವರ್ಷ ದಾಟಿದವರ ಮಾತಿಗೆ ಜಾಸ್ತಿ ತೂಕ. ಹೋದ ವಾರ ಕಾರು ಬಿಡಿಸಿಕೊಂಡು ಬಂದವರು ಖುಷಿಯಲ್ಲೇ ಇರುತ್ತಾರೆ, ಆ ಖುಷಿಯಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ.

ಒಂದು ಎಚ್ಚರಿಕೆ. ಡಿಎಸ್‌ಜಿ ಅಂದ ಕೂಡಲೇ ಎಲ್ಲ ಒಂದೇ ಅಲ್ಲ. ಪೋಲೊ ಜಿಟಿ ಟಿಎಸ್‌ಐ, ಸೂಪರ್ಬ್ 1.8 ಪೆಟ್ರೋಲ್ ಆಟೊಮ್ಯಾಟಿಕ್‌ನಲ್ಲಿ ಇರುವುದು ಏಳು ಗೇರಿನ ಡಿಕ್ಯೂ200. ಅದರ ಕ್ಲಚ್ ಆಯಿಲ್‌ನಲ್ಲಿ ಇರುವುದಿಲ್ಲ, ಒಣದು. ಅದರ ಕಾಯಿಲೆಗಳೇ ಬೇರೆ, ಔಷಧಿಯೇ ಬೇರೆ. "ಡಿಎಸ್‌ಜಿ ತುಂಬ ಮಾಡಿದೀವಿ" ಅಂದವರಿಗೆ "ಆರು ಗೇರಿಂದಾ, ಏಳು ಗೇರಿಂದಾ?" ಅಂತ ಮರುಪ್ರಶ್ನೆ ಹಾಕಿ. ಕೆಲಸ ಗೊತ್ತಿದ್ದವರು ನೀವು ಕೇಳುವ ಮೊದಲೇ ಅದನ್ನು ಕೇಳಿರುತ್ತಾರೆ.

ಅಕ್ಷರ ಮಿನುಗಿತು ಅಂದರೆ ಗೇರ್‌ಬಾಕ್ಸ್ ಹೋಯಿತು ಅಂತಲ್ಲ. 2009ರಲ್ಲಿ ಅಮೆರಿಕದಲ್ಲಿ ಇದೇ ಆರು ಗೇರಿನ ಡಿಎಸ್‌ಜಿ ಇದ್ದ ಸಾವಿರಾರು ಕಾರುಗಳನ್ನು ಕಂಪನಿ ವಾಪಸ್ ಕರೆಯಿತು. ಅವುಗಳಲ್ಲೂ ಅಕ್ಷರಗಳು ಮಿನುಗಿ ಕಾರು ತಾನಾಗಿಯೇ ನ್ಯೂಟ್ರಲ್‌ಗೆ ಬೀಳುತ್ತಿತ್ತು. ಕಾರಣ ಹುಡುಕಿದರೆ ಕ್ಲಚ್ ಆಯಿಲ್‌ನ ಬಿಸಿ ಅಳೆಯುವ ಸೆನ್ಸರಿನ ವೈರ್ ತುದಿ ಸರಿಯಾಗಿ ಕೂತಿರಲಿಲ್ಲ. ಕ್ಲಚ್ ಸುಡುತ್ತಿದೆ ಅಂತ ಸೆನ್ಸರ್ ಸುಳ್ಳು ಹೇಳುತ್ತಿತ್ತು, ಗೇರ್‌ಬಾಕ್ಸ್ ತನ್ನನ್ನು ಕಾಪಾಡಿಕೊಳ್ಳಲು ಕ್ಲಚ್ ಬಿಟ್ಟುಬಿಡುತ್ತಿತ್ತು. ಗೇರು, ಕ್ಲಚ್ಚು ಚೆನ್ನಾಗಿಯೇ ಇದ್ದವು. ನಿಮ್ಮ ಕಾರಿನಲ್ಲೂ ಅದೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಫೋನಿನಲ್ಲೇ ಗೇರ್‌ಬಾಕ್ಸ್ ಬದಲಾಯಿಸುವವರ ಮಾತಿಗೆ ಬೆಲೆ ಯಾಕಿಲ್ಲ ಅಂತ ಹೇಳುತ್ತಿದ್ದೇನೆ.

ನಿಮ್ಮಲ್ಲಿರುವ ಲಕ್ಷಣಕ್ಕೆ ಕಾರಣಗಳು ಅಗ್ಗದಿಂದ ದುಬಾರಿವರೆಗೆ ಹಲವು. ಬ್ಯಾಟರಿ ಸೋತಿರಬಹುದು. ಡೀಲರ್ ಅಂಗಳದಲ್ಲಿ ತಿಂಗಳುಗಟ್ಟಲೆ ನಿಂತಿದ್ದಿರಬಹುದಾದ ಕಾರು ಇದು, ವೋಲ್ಟೇಜ್ ಕುಸಿದರೆ ಕಂಟ್ರೋಲ್ ಯೂನಿಟ್‌ಗಳು, ಅಂದರೆ ಕಾರಿನೊಳಗಿನ ಚಿಕ್ಕ ಕಂಪ್ಯೂಟರ್‌ಗಳು, ಇಲ್ಲದ ದೂರೆಲ್ಲ ಬರೆದುಕೊಳ್ಳುತ್ತವೆ. ಎಂಜಿನ್ನನ್ನು ಹಿಡಿದಿಡುವ ಮೌಂಟಿನ ರಬ್ಬರ್ ಹರಿದಿದ್ದರೂ ನಿಧಾನದಲ್ಲಿ ಇದೇ ಥರ ಜರ್ಕ್ ಬರುತ್ತದೆ. ಗೇರ್ ಆಯಿಲ್ ಹಳೆಯದಾಗಿರಬಹುದು. ಮೆಕಟ್ರಾನಿಕ್ ಯೂನಿಟ್, ಅಂದರೆ ಗೇರ್ ಹಾಕುವ ವಾಲ್ವ್‌ಗಳೂ ಅವುಗಳ ಕಂಪ್ಯೂಟರೂ ಒಟ್ಟಿಗಿರುವ ಭಾಗ, ಅದರಲ್ಲಿ ಕರೆಂಟಿನಿಂದ ತೆರೆದು ಮುಚ್ಚುವ ಒಂದು ವಾಲ್ವ್ (ಸೊಲೆನಾಯ್ಡ್) ಅಂಟುತ್ತಿರಬಹುದು. ಕೊನೆಗೆ ಕ್ಲಚ್ ಪ್ಯಾಕ್ ಅಥವಾ ಫ್ಲೈವೀಲ್ ಸವೆದಿರಬಹುದು. ಮೆಕಟ್ರಾನಿಕ್ ಈ ಗೇರ್‌ಬಾಕ್ಸಿನ ಮುಂಭಾಗದ ಮುಚ್ಚಳದ ಹಿಂದೆ ಇದೆ. ಅದನ್ನು ತೆಗೆಯಲು ಗೇರ್‌ಬಾಕ್ಸನ್ನು ಕಾರಿನಿಂದ ಇಳಿಸಬೇಕಿಲ್ಲ. ಕ್ಲಚ್ಚಿಗೆ ಮಾತ್ರ ಇಳಿಸಬೇಕು. ಇಷ್ಟು ತಿಳಿದಿದ್ದರೆ ಎಸ್ಟಿಮೇಟ್ ಕೈಗೆ ಬಂದಾಗ ಯಾವುದಕ್ಕೆ ಎಷ್ಟು ಕೂಲಿ ಹಾಕಿದ್ದಾರೆ ಅಂತ ಕೇಳಲು ಬಾಯಿ ಬರುತ್ತದೆ.

ನಿಮ್ಮ ಮೀಟರ್ 61,000 ಎನ್ನುತ್ತಿದೆ. ಈ ಗೇರ್‌ಬಾಕ್ಸಿನ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸುವ ಅವಧಿ 60,000 ಕಿ.ಮೀ. ಆ ಕೆಲಸ ಆಗಿದೆಯೋ ಇಲ್ಲವೋ ಅಂತ ಸರ್ವಿಸ್ ದಾಖಲೆ ನೋಡಿ. ಎಂಜಿನ್ ಆಯಿಲ್ ಬದಲಾಯಿಸಿದ ಬಿಲ್ ತೋರಿಸಿ "ಆಯಿಲ್ ಆಗಿದೆ" ಅನ್ನುವವರಿದ್ದಾರೆ. ಗೇರ್‌ಬಾಕ್ಸಿನದ್ದು ಬೇರೆ ಬಿಲ್, ಬೇರೆ ಆಯಿಲ್, ಬೇರೆ ಫಿಲ್ಟರ್. ಅದು ಆಗಿಲ್ಲದಿದ್ದರೆ ನಿಮ್ಮ ಹುಡುಕಾಟಕ್ಕೆ ಒಂದು ಅನುಕೂಲವೇ ಆಯಿತು. ಹೇಗಿದ್ದರೂ ಮಾಡಿಸಲೇಬೇಕಾದ ಕೆಲಸ ಅದು. ಮೆಕ್ಯಾನಿಕ್ ಎಂಥವರು ಅಂತ ನೋಡಲು ಅದಕ್ಕಿಂತ ಒಳ್ಳೆ ಪರೀಕ್ಷೆ ಇನ್ನೊಂದಿಲ್ಲ.

ಫೋನಿನಲ್ಲಿ ಕೇಳಬೇಕಾದ ಪ್ರಶ್ನೆ ಇದು: "ಆರು ಗೇರಿನ ಡಿಎಸ್‌ಜಿ ಆಯಿಲ್ ಲೆವೆಲ್ ಹೇಗೆ ನೋಡ್ತೀರಿ?" ಸರಿಯಾದ ಉತ್ತರದಲ್ಲಿ ಎರಡು ಮಾತು ಬರಲೇಬೇಕು. ಒಂದು, ಸ್ಕ್ಯಾನರ್ ಹಾಕಿ ಆಯಿಲ್‌ನ ಬಿಸಿ ನೋಡುವುದು. ಇನ್ನೊಂದು, 35ರಿಂದ 45 ಡಿಗ್ರಿ ಸೆಲ್ಸಿಯಸ್. "ಇಳಿಸಿದಷ್ಟೇ ಹಾಕಿದರಾಯ್ತು" ಅಂದರೆ ಥ್ಯಾಂಕ್ಸ್ ಹೇಳಿ ಫೋನ್ ಇಡಿ.

ಯಾಕೆ ಅಂತ ಹೇಳುತ್ತೇನೆ, ಕಾರಿನ ಪಕ್ಕ ನಿಂತು ನೋಡಿ. ಕಾರು ಲಿಫ್ಟಿನ ಮೇಲೆ ಸಮತಟ್ಟಾಗಿ ನಿಂತಿರಬೇಕು. ಕೆಳಗೆ ಒಂದು ಡ್ರೈನ್ ಪ್ಲಗ್. ಅದನ್ನು ಬಿಚ್ಚಿದರೆ ಸ್ವಲ್ಪವೇ ಆಯಿಲ್ ಬಂದು ನಿಂತುಬಿಡುತ್ತದೆ. ಗೊತ್ತಿಲ್ಲದವರು ಇಷ್ಟೇ ಇರೋದು ಅಂದುಕೊಳ್ಳುತ್ತಾರೆ. ಗೊತ್ತಿದ್ದವರು 8 ಎಂಎಂ ಅಲನ್ ಕೀ ಒಳಗೆ ತೂರಿಸಿ ಅಲ್ಲಿರುವ ಪ್ಲಾಸ್ಟಿಕ್ ಕೊಳವೆಯನ್ನು ತಿರುಗಿಸಿ ತೆಗೆಯುತ್ತಾರೆ. ಆಗ ಉಳಿದ ಆಯಿಲ್ ಧಾರೆಯಾಗಿ ಇಳಿಯುತ್ತದೆ. ಆ ಕೊಳವೆಯೇ ಲೆವೆಲ್ ಗೆರೆ. ಅದರ ಎತ್ತರದವರೆಗೆ ಆಯಿಲ್ ಇರಬೇಕು, ಹೆಚ್ಚಾದದ್ದು ಅದರ ಮೂಲಕ ಹೊರಗೆ ಬರಬೇಕು. ಫಿಲ್ಟರ್ ಬದಲಾಯಿಸಿ, ಕೊಳವೆ ವಾಪಸ್ ಕೂರಿಸಿ, ಸುಮಾರು ಐದು ಲೀಟರಿಗಿಂತ ಸ್ವಲ್ಪ ಹೆಚ್ಚು ಹೊಸ ಆಯಿಲ್ ತುಂಬಿ, ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿ ಹಿಡಿದು ಎಲ್ಲ ಗೇರ್ ಸ್ಥಾನಗಳಿಗೂ ಲಿವರ್ ಓಡಿಸುತ್ತಾರೆ. ಆಮೇಲೆ ಒಬ್ಬರು ಲ್ಯಾಪ್‌ಟಾಪ್ ನೋಡುತ್ತಾ ಬಿಸಿ ಎಷ್ಟು ಅಂತ ಕೂಗುತ್ತಾರೆ, ಕೆಳಗಿರುವವರು ಪ್ಲಗ್ ತೆಗೆದು ಕಾಯುತ್ತಾರೆ. ಎಂಜಿನ್ ಓಡುತ್ತಿರುವಾಗಲೇ, 35 ಮತ್ತು 45 ಡಿಗ್ರಿ ನಡುವೆ, ಸುರಿಯುತ್ತಿದ್ದದ್ದು ತೊಟ್ಟಿಕ್ಕಲು ಶುರುವಾದಾಗ ಹೊಸ ವಾಷರ್ ಹಾಕಿ ಪ್ಲಗ್ ಮುಚ್ಚುತ್ತಾರೆ. ಬಿಸಿಯಾದಂತೆ ಆಯಿಲ್ ಹಿಗ್ಗುತ್ತದೆ. ಅದಕ್ಕೇ ಇಷ್ಟು ಕಟ್ಟುನಿಟ್ಟು. ಜಾಸ್ತಿ ಬಿಸಿಯಿದ್ದಾಗ ಮುಚ್ಚಿದರೆ ಆಯಿಲ್ ಕಡಿಮೆಯಾಯಿತು. ಆಯಿಲ್ ಕಡಿಮೆಯಾದ ಈ ಗೇರ್‌ಬಾಕ್ಸ್ ನಿಮ್ಮದರ ಹಾಗೇ ಜರ್ಕ್ ಹೊಡೆಯಲೂಬಹುದು. ಹಿಂದಿನ ಓನರ್ ಕಾಲದಲ್ಲಿ ಯಾರೋ ಅಂದಾಜಿನಲ್ಲಿ ಹಾಕಿದ್ದೇ ನಿಮ್ಮ ತೊಂದರೆಗೆ ಕಾರಣವಾಗಿದ್ದರೂ ಆಶ್ಚರ್ಯವಿಲ್ಲ.

ಇದೆಲ್ಲ ಮುಗಿದ ಮೇಲೆ ಬೇಸಿಕ್ ಸೆಟ್ಟಿಂಗ್ ಅಂತ ಒಂದಿದೆ. ಕ್ಲಚ್ ಎಲ್ಲಿ ಹಿಡಿಯುತ್ತದೆ ಅಂತ ಗೇರ್‌ಬಾಕ್ಸಿಗೆ ಸ್ಕ್ಯಾನರ್ ಮೂಲಕ ಮತ್ತೆ ಕಲಿಸುವುದು. ಎಷ್ಟೋ ಜರ್ಕ್‌ಗಳು ಇಲ್ಲಿಗೇ ಮುಗಿಯುತ್ತವೆ.

ಸ್ಕ್ಯಾನರ್ ಬಗ್ಗೆ ಎರಡು ಮಾತು. ಯಾವ ಕಾರಿಗಾದರೂ ಚುಚ್ಚಬಹುದಾದ ಸಾಮಾನ್ಯ ಸ್ಕ್ಯಾನರ್ ಎಲ್ಲ ಗ್ಯಾರೇಜಿನಲ್ಲೂ ಇರುತ್ತದೆ. ಅದು ಎಂಜಿನ್ ಕೋಡ್ ಓದುತ್ತದೆ, ಗೇರ್‌ಬಾಕ್ಸ್ ಒಳಗೆ ಪೂರ್ತಿ ಇಳಿಯುವುದಿಲ್ಲ. ನಿಮ್ಮ ಕಾರಿಗೆ ಬೇಕಿರುವುದು ವಿಸಿಡಿಎಸ್ ಥರದ ಈ ಕಂಪನಿಯ ಕಾರುಗಳಿಗೆಂದೇ ಇರುವ ಸಾಧನ, ಅಥವಾ ಶೋರೂಮಿನವರು ಬಳಸುವ ಒಡಿಸ್ ಎನ್ನುವ ಸಾಧನ. "ಯಾವ ಸ್ಕ್ಯಾನರ್ ಇದೆ?" ಅಂತ ಕೇಳಲು ಸಂಕೋಚ ಬೇಡ. ಕೋಡ್ ಅಳಿಸುವ ಮೊದಲು ಎಲ್ಲ ಕಂಟ್ರೋಲ್ ಯೂನಿಟ್‌ಗಳ ಪೂರ್ತಿ ವರದಿ ಸೇವ್ ಮಾಡಿ ನಿಮಗೆ ಕಳಿಸಬೇಕು ಅಂತ ಮೊದಲೇ ಹೇಳಿ. ದೋಷ ಬಂದ ಕ್ಷಣದಲ್ಲಿ ಕಾರು ಎಷ್ಟು ಕಿ.ಮೀ. ಓಡಿತ್ತು, ಎಷ್ಟು ಸಲ ಆ ದೋಷ ಬಂತು ಅಂತ ಸಾಮಾನ್ಯವಾಗಿ ಆ ವರದಿಯಲ್ಲೇ ಇರುತ್ತದೆ. ಇನ್ನೊಂದು ಲಾಭವೂ ಇದೆ. ನಿಮ್ಮ ಮೀಟರ್ 61,000 ತೋರಿಸುತ್ತಿರುವಾಗ ಯಾವುದೋ ಮೂಲೆಯ ಯೂನಿಟ್ಟಿನಲ್ಲಿ 94,000 ಕಿ.ಮೀ.ಗೆ ಬಂದ ದೋಷ ದಾಖಲಾಗಿದ್ದರೆ ಮೀಟರ್ ಹಿಂದಕ್ಕೆ ತಿರುಗಿಸಿದ್ದಾರೆ ಅಂತ ಅನುಮಾನಪಡಲೇಬೇಕು. ಡೀಲರ್ ಜೊತೆ ಮಾತಾಡುವಾಗ ಆ ಒಂದು ಸಾಲು ಬಹಳ ಕೆಲಸಕ್ಕೆ ಬರುತ್ತದೆ. ನಿಮ್ಮೂರಿನಲ್ಲಿ ಈಗಾಗಲೇ ಕೋಡ್ ಅಳಿಸಿರುವುದರಿಂದ, ಲಕ್ಷಣ ಇನ್ನೊಮ್ಮೆ ಕಾಣಿಸಿಕೊಂಡ ಮೇಲೆ ಸ್ಕ್ಯಾನ್ ಮಾಡಿಸುವುದೇ ಸರಿ. ಬ್ಯಾಟರಿಯನ್ನು ಮಾತ್ರ ನಾಳೆಯೇ ನೋಡಿಸಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು, ಎಂಜಿನ್ ಓಡುವಾಗ 14ರ ಆಸುಪಾಸು. ಇದಕ್ಕೆ ಬೆಂಗಳೂರು ಬೇಕಿಲ್ಲ, ನಿಮ್ಮೂರಿನ ಯಾವ ಬ್ಯಾಟರಿ ಅಂಗಡಿಯಲ್ಲಾದರೂ ಆಗುತ್ತದೆ.

ಈಗ ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿರುವ ಮಾತು. ನೋಡಿ ಹೇಳುವುದಕ್ಕೆ ದುಡ್ಡು ಕೊಡಿ. ನಮ್ಮಲ್ಲಿ ಆ ಅಭ್ಯಾಸ ಇಲ್ಲ. "ಬರೀ ನೋಡೋಕೆ ಎಂಥ ದುಡ್ಡು?" ಅಂತೀವಿ. ಪಾರ್ಟ್ ಹಾಕಿದರೆ ಕೊಡ್ತೀವಿ, ಬಿಚ್ಚಿದರೆ ಕೊಡ್ತೀವಿ. ಅರ್ಧ ದಿನ ತಲೆ ಕೆಡಿಸಿಕೊಂಡು "ನಿಮ್ಮ ಗೇರ್‌ಬಾಕ್ಸ್ ಚೆನ್ನಾಗಿದೆ, ಮೌಂಟ್ ಹರಿದಿದೆ" ಅಂತ ಕಂಡುಹಿಡಿದವರಿಗೆ ಮೌಂಟಿನ ಕೂಲಿ ಮಾತ್ರ ಸಿಗುತ್ತದೆ. ಗೇರ್‌ಬಾಕ್ಸ್ ಬದಲಾಯಿಸಿ ಅಂದವರಿಗೆ ಲಾಭ. ಹೀಗಿರುವಾಗ ಪ್ರಾಮಾಣಿಕ ಮೆಕ್ಯಾನಿಕ್ ಬದುಕುವುದಾದರೂ ಹೇಗೆ? ಒಳ್ಳೆಯವರು ಈ ಕಸುಬು ಬಿಟ್ಟು ಹೋಗುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಅದಕ್ಕೆ ನೀವು ಮೊದಲೇ ಹೇಳಿ: "ಪತ್ತೆ ಹಚ್ಚೋದಕ್ಕೆ ಎಷ್ಟು ತಗೋತೀರಿ? ಅದನ್ನು ಬೇರೆಯಾಗಿ ಕೊಡ್ತೀನಿ. ರಿಪೇರಿ ನಿಮ್ಮ ಹತ್ತಿರವೇ ಮಾಡಿಸ್ತೀನೋ ಇಲ್ಲವೋ ಆಮೇಲೆ ಹೇಳ್ತೀನಿ." ಈ ಮಾತಿಗೆ ಮುಖ ಅರಳಿಸಿ ಒಂದು ಮೊತ್ತ ಹೇಳಿದವರ ಬಳಿ ಹೋಗಿ. "ಅದೆಲ್ಲ ಫ್ರೀ ಸಾರ್, ಗಾಡಿ ಬಿಟ್ಟು ಹೋಗಿ" ಅಂದವರು ಆ ಫ್ರೀ ದುಡ್ಡನ್ನು ಬೇರೆಲ್ಲೋ ವಸೂಲಿ ಮಾಡಲೇಬೇಕು.

ಗ್ಯಾರೇಜಿಗೆ ಒಮ್ಮೆ ಕಾರಿಲ್ಲದೆ ಹೋಗಿ ಬನ್ನಿ. ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋದಾಗ ಅರ್ಧ ಗಂಟೆ ಸಾಕು. ಸೋಫಾ, ಕಾಫಿ ಮಷಿನ್ ನೋಡಬೇಡಿ. ಒಳಗೆ ಯಾವ ಕಾರುಗಳಿವೆ ನೋಡಿ. ನಿಮ್ಮ ಕಾರಿನ ಕುಟುಂಬದ ಎಂಜಿನ್ ಇರುವ ಕಾರುಗಳು ಬಿಚ್ಚಿಕೊಂಡು ನಿಂತಿವೆಯಾ? ಬಿಚ್ಚಿದ ಬೋಲ್ಟ್‌ಗಳು ಟ್ರೇಯಲ್ಲಿ ಗುರುತು ಹಾಕಿಕೊಂಡಿವೆಯಾ, ನೆಲದ ಮೇಲೆ ಉರುಳಾಡುತ್ತಿವೆಯಾ? ಟಾರ್ಕ್ ರೆಂಚ್ ಗೋಡೆಯ ಮೇಲಿನ ಅಲಂಕಾರವಾ, ಕೈಯಲ್ಲಿದೆಯಾ? ಧೂಳು ಹಿಡಿದು ತಿಂಗಳುಗಳಿಂದ ನಿಂತ ಕಾರುಗಳು ಹೆಚ್ಚಿದ್ದರೆ ಪಾರ್ಟ್ ಸಿಗದೆ, ದುಡ್ಡಿನ ತಕರಾರಾಗಿ, ಅಥವಾ ಜೋಡಿಸಲು ಬಾರದೆ ನಿಂತಿರುತ್ತವೆ. ಮಾತಾಡುವವರು ಮಾಲೀಕರು, ಕೆಲಸ ಮಾಡುವವರು ಬೇರೆ. ಅವರು ಯಾರು, ಎಷ್ಟು ವರ್ಷದಿಂದ ಅಲ್ಲಿದ್ದಾರೆ ಅಂತ ವಿಚಾರಿಸಿ. ನನಗೆ ತುಂಬ ಹಿಡಿಸುವ ಗುರುತು ಇನ್ನೊಂದಿದೆ: "ಇದು ನಮ್ಮ ಕೈಲಿ ಆಗಲ್ಲ, ಇಂಥವರ ಹತ್ತಿರ ಹೋಗಿ" ಅಂತ ಯಾವುದೋ ಒಂದು ಕೆಲಸಕ್ಕಾದರೂ ಹೇಳುವವರು. ಎಲ್ಲವೂ ಬರುತ್ತೆ ಅನ್ನುವವರ ಹತ್ತಿರ ನನಗೆ ಭಯ.

ಟ್ರ್ಯಾಕ್ ಓಡಿಸುವವರ, ರ‍್ಯಾಲಿಯವರ ಪರಿಚಯ ಇದ್ದರೆ ಅವರನ್ನೂ ಕೇಳಿ. ಚೆನ್ನೈ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕಿಗೆ ಬೆಂಗಳೂರಿನಿಂದ ಕಾರು ತಗೊಂಡು ಹೋಗುವವರು ಅನೇಕರಿದ್ದಾರೆ. ಮೆಕ್ಯಾನಿಕ್ ಕೆಲಸದ ತಪ್ಪು ಟ್ರ್ಯಾಕಿನಲ್ಲಿ ಒಂದೇ ದಿನಕ್ಕೆ ಬಯಲಾಗುತ್ತದೆ. ಹಾಗಾಗಿ ಅವರು ಸುಮ್ನೆ ಯಾರ ಹೆಸರನ್ನೂ ಹೇಳುವುದಿಲ್ಲ.

ಶೋರೂಮನ್ನು ಪೂರ್ತಿ ದೂರ ಇಡಬೇಡಿ. ಅಲ್ಲಿ ಎಲ್ಲ ರಿಪೇರಿ ಮಾಡಿಸಬೇಕಿಲ್ಲ. ಕೆಲವು ಕೆಲಸ ಅವರಿಂದಲೇ ಆಗಬೇಕು. ನಿಮ್ಮ ಕಾರಿನ 17 ಅಕ್ಷರದ ಚಾಸಿ ನಂಬರ್ ಮತ್ತು ನಿಮ್ಮ ಹೆಸರಿಗೆ ಆದ ಆರ್‌ಸಿ ತಗೊಂಡು ಹೋಗಿ, ಈ ಕಾರಿಗೆ ಕಂಪನಿ ಕಡೆಯಿಂದ ಬಾಕಿಯಿರುವ ರಿಕಾಲ್, ಅಂದರೆ ವಾಪಸ್ ಕರೆದು ಮಾಡಿಕೊಡುವ ರಿಪೇರಿ, ಏನಾದರೂ ಇದೆಯಾ, ಹಿಂದಿನ ಸರ್ವಿಸ್ ಯಾವಾಗ ಎಲ್ಲಿ ಆಗಿದೆ ಅಂತ ಕೇಳಿ. ಒಂದೇ ಕೀ ಕೊಟ್ಟಿದ್ದರೆ ಎರಡನೆಯದಕ್ಕೂ ಅಲ್ಲೇ ಹೋಗಬೇಕು. ಆಡಿಯಲ್ಲಿ ಕೆಲವು ಕಂಟ್ರೋಲ್ ಯೂನಿಟ್‌ಗಳು ಬೇರೆ ಕಾರಿನಿಂದ ತೆಗೆದು ಹಾಕಿದರೆ ಒಪ್ಪುವುದಿಲ್ಲ, ಕಂಪನಿಯ ಸರ್ವರ್ ಮೂಲಕ ಬೀಗ ತೆಗೆಸಬೇಕು. ಹೀಗಿರುವಾಗ "ಗುಜರಿಯಿಂದ ಅಗ್ಗಕ್ಕೆ ತಂದು ಹಾಕ್ತೀವಿ" ಎನ್ನುವ ಮಾತಿಗೆ ಒಪ್ಪುವ ಮೊದಲು, ಹಾಕಿದ ಮೇಲೆ ಅದು ಕೆಲಸ ಮಾಡದಿದ್ದರೆ ದುಡ್ಡು ಯಾರದ್ದು ಅಂತ ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಶಿವಾಜಿನಗರದ ಗುಜರಿಯಲ್ಲಿ ಬಾಗಿಲು, ಲೈಟು, ಕನ್ನಡಿ ಹುಡುಕುವುದಕ್ಕೆ ನನ್ನ ಅಡ್ಡಿಯಿಲ್ಲ. ಮೆಕಟ್ರಾನಿಕ್ ಮಾತ್ರ ಅಲ್ಲಿಂದ ಬೇಡ.

ಪಾರ್ಟ್ ವಿಷಯದಲ್ಲಿ ನಂಬರ್ ಓದುವುದನ್ನು ಕಲಿತುಬಿಡಿ, ಕಷ್ಟವಿಲ್ಲ. ಈ ಕಂಪನಿಯ ಪಾರ್ಟ್ ನಂಬರಿನ ಮೊದಲ ಮೂರು ಅಕ್ಷರ ಅದು ಯಾವ ಕುಟುಂಬದ್ದು ಅಂತ ಹೇಳುತ್ತವೆ. ನಿಮ್ಮ ಗೇರ್‌ಬಾಕ್ಸಿನವು 02ಇ ಎಂದು, ನಿಮ್ಮ ಎಂಜಿನ್ನಿನವು ಹೆಚ್ಚಾಗಿ 06ಎಚ್ ಎಂದು ಶುರುವಾಗುತ್ತವೆ. ಕೊನೆಯ ಅಕ್ಷರ ಬದಲಾಗುತ್ತಾ ಹೋದರೆ ಕಂಪನಿ ಆ ಪಾರ್ಟನ್ನು ಸುಧಾರಿಸುತ್ತಾ ಬಂದಿದೆ ಅಂತ ಅರ್ಥ. ಬಿಲ್ಲಿನಲ್ಲಿ "ಗೇರ್‌ಬಾಕ್ಸ್ ಫಿಲ್ಟರ್ - 1" ಅಂತ ಮಾತ್ರ ಇದ್ದರೆ ಒಪ್ಪಬೇಡಿ, ಪೂರ್ತಿ ನಂಬರ್ ಬರೆಸಿ. ಶೋರೂಮಿನ ಡಬ್ಬಿಯೇ ಬೇಕು ಅಂತೇನಿಲ್ಲ. ಬಾಷ್, ಮಾನ್, ಹೆಂಗ್‌ಸ್ಟ್, ಸ್ಯಾಕ್ಸ್, ಲುಕ್, ಐಎನ್‌ಎ ಥರದ ಕಂಪನಿಗಳೇ ಆಡಿಗೂ ಸಪ್ಲೈ ಮಾಡುತ್ತವೆ. ಕೆಲವು ಸಲ ಅವರ ಡಬ್ಬಿ ತೆರೆದರೆ ಪಾರ್ಟಿನ ಮೇಲೆ ಆಡಿಯ ನಾಲ್ಕು ಬಳೆಗಳನ್ನು ಉಜ್ಜಿ ಅಳಿಸಿದ ಗುರುತೂ ಕಾಣುತ್ತದೆ. ಅದು ನಕಲಿಯಲ್ಲ, ಅದೇ ಸಾಮಾನು ಕಡಿಮೆ ಬೆಲೆಗೆ. ನಿಜವಾದ ನಕಲಿಯ ಕಾಟ ಆಯಿಲ್ ಮತ್ತು ಫಿಲ್ಟರಿನಲ್ಲೇ ಜಾಸ್ತಿ. ಸೀಲ್ ಇರುವ ಡಬ್ಬಿ ನಿಮ್ಮ ಎದುರಿಗೇ ಒಡೆಯಲಿ. ಬಿಚ್ಚಿದ ಹಳೆ ಪಾರ್ಟ್‌ಗಳನ್ನು ಡಿಕ್ಕಿಯಲ್ಲಿ ಹಾಕಿಕೊಡಲು ಕಾರು ಬಿಡುವಾಗಲೇ ಹೇಳಿ, ಕೆಲಸ ಮುಗಿದ ಮೇಲೆ ಕೇಳಿದರೆ "ಎಸೆದುಬಿಟ್ವಿ" ಅನ್ನುತ್ತಾರೆ.

ಗೇರ್‌ಬಾಕ್ಸಿನ ಗಲಾಟೆಯಲ್ಲಿ ಎಂಜಿನ್ ಮರೆಯಬೇಡಿ. ಈ ಇಎ888 ಎಂಜಿನ್ನಿನಲ್ಲಿ ಟೈಮಿಂಗ್ ಚೈನ್ ಬಿಗಿಯಾಗಿಡುವ ಟೆನ್ಷನರ್ ಹಳೆ ವಿನ್ಯಾಸದ್ದು ಇದ್ದರೆ ಅದು ಕೈಕೊಡುವುದುಂಟು. ಕೊಟ್ಟರೆ ಚೈನ್ ಹಾರುತ್ತದೆ, ವಾಲ್ವ್‌ಗಳು ಪಿಸ್ಟನ್ನಿಗೆ ಬಡಿಯುತ್ತವೆ. ಆಮೇಲೆ ಬರುವ ಬಿಲ್ ಮುಂದೆ ಗೇರ್‌ಬಾಕ್ಸ್ ಬಿಲ್ ಏನೇನೂ ಅಲ್ಲ. ಕಂಪನಿ ಆಮೇಲೆ ಅದನ್ನು ಸುಧಾರಿಸಿತು. 2012ರ ನಿಮ್ಮ ಕಾರಿನಲ್ಲಿ ಯಾವುದಿದೆ ಅಂತ ನೋಡಲು ಎಂಜಿನ್ ಬಿಚ್ಚಬೇಕಿಲ್ಲ. ಕೆಳಗಿನ ಟೈಮಿಂಗ್ ಕವರಿನಲ್ಲಿ ಒಂದು ರಬ್ಬರ್ ಮುಚ್ಚಳ ಇದೆ, ಅದನ್ನು ತೆಗೆದು ಚಿಕ್ಕ ಕ್ಯಾಮೆರಾ ತೂರಿಸಿದರೆ ಟೆನ್ಷನರ್ ಕಾಣುತ್ತದೆ. ಬೆಳಿಗ್ಗೆ ಮೊದಲ ಸ್ಟಾರ್ಟಿನಲ್ಲಿ ಒಂದೆರಡು ಸೆಕೆಂಡ್ ಗಲಗಲ ಸದ್ದು ಬರುತ್ತಿದ್ದರೆ ಇದನ್ನು ಗೇರ್‌ಬಾಕ್ಸಿಗಿಂತ ಮೊದಲು ನೋಡಿಸಿ. ಆ ರಬ್ಬರ್ ಮುಚ್ಚಳದ ಸುದ್ದಿ ತಾನಾಗಿಯೇ ಎತ್ತುವ ಮೆಕ್ಯಾನಿಕ್ ಸಿಕ್ಕರೆ ಬಿಡಬೇಡಿ. ಕ್ವಾಟ್ರೊ ಆದ್ದರಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಹಾಲ್ಡೆಕ್ಸ್ ಯೂನಿಟ್ ಇದೆ, ಅದಕ್ಕೂ ಪ್ರತ್ಯೇಕ ಆಯಿಲ್ ಇದೆ. ಅದನ್ನು ಮರೆಯುವವರೇ ಹೆಚ್ಚು.

ಇನ್ನೊಂದನ್ನು ನೀವೇ ಮನೆ ಮುಂದೆ ನೋಡಬಹುದು. 2015ರ ಚೆನ್ನೈ, 2018ರ ಕೇರಳ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು, ಬೆಳ್ಳಂದೂರು ಕಡೆ ನೀರು ನುಗ್ಗಿದಾಗ ದುಬಾರಿ ಕಾರುಗಳೂ ಮುಳುಗಿದವು. ಅಂಥ ಕಾರುಗಳು ತೊಳೆದು ಪಾಲಿಷ್ ಆಗಿ ಮಾರುಕಟ್ಟೆಗೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಸುರುಳಿಯ ಒಳಗಿದ್ದ ತುದಿಯಲ್ಲಿ ಕೆಸರಿನ ಗೆರೆ ಇದೆಯಾ? ಸೀಟಿನ ಕೆಳಗಿನ ಹಳಿಯ ಬೋಲ್ಟ್‌ಗಳಿಗೆ ತುಕ್ಕು ಹಿಡಿದಿದೆಯಾ? ಕಾರ್ಪೆಟ್ ಎತ್ತಿ ಮೂಸಿ ನೋಡಿ. ಮುಳುಗಿದ ಕಾರಾದರೆ ಕಾಯಿಲೆ ಇವತ್ತು ಗೇರ್‌ಬಾಕ್ಸು, ನಾಳೆ ಇನ್ನೊಂದು. ಆಗ ಎಷ್ಟು ಒಳ್ಳೆ ಮೆಕ್ಯಾನಿಕ್ ಸಿಕ್ಕರೂ ಪ್ರಯೋಜನವಿಲ್ಲ. ರಿಪೇರಿ ಮಾತು ಬಿಟ್ಟು ಡೀಲರ್ ಜೊತೆಗಿನ ಜಗಳಕ್ಕೆ ಕಾಗದ ಕೂಡಿಸಿಕೊಳ್ಳಿ.

ನಿಮ್ಮೂರಿನ ಮೆಕ್ಯಾನಿಕ್ಕನ್ನು ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಬ್ರೇಕ್ ಪ್ಯಾಡ್, ಸಸ್ಪೆನ್ಷನ್ ಬುಷ್, ಟೈರ್, ಹಂಪ್ಸಿಗೆ ತಗುಲಿದ ಕೆಳಭಾಗ ನೋಡುವುದು, ಇದೆಲ್ಲ ಅವರ ಕೈಯಲ್ಲೇ ಆಗಲಿ. ಎಂಜಿನ್ ಆಯಿಲ್ ಕೂಡ, ಡಬ್ಬಿಯ ಮೇಲೆ ಫೋಕ್ಸ್‌ವ್ಯಾಗನ್ನಿನ ಆಯಿಲ್ ದರ್ಜೆ ವಿಡಬ್ಲ್ಯೂ 502 00 ಅಂತ ಇರುವುದನ್ನು ನೀವೇ ತಂದುಕೊಟ್ಟರೆ ಆಯಿತು. ಕಷ್ಟಕಾಲಕ್ಕೆ ಹತ್ತು ನಿಮಿಷದಲ್ಲಿ ಬರುವವರು ಅವರೇ ಅಲ್ವಾ? ಅವರಿಗೂ ಬೆಂಗಳೂರಿನವರಿಗೂ ಫೋನಿನಲ್ಲಿ ಪರಿಚಯ ಮಾಡಿಸಿಬಿಡಿ. ಬೆಂಗಳೂರಿನವರು ಹೇಳಿ, ಇಲ್ಲಿನವರು ಮಾಡುವಂಥ ಕೆಲಸ ಎಷ್ಟೋ ಇರುತ್ತದೆ.

ತೊಂದರೆ ಏನೆಂದು ಗೊತ್ತಾಗುವವರೆಗೆ ಕಾರನ್ನು ಬೆಂಗಳೂರಿಗೆ ಓಡಿಸಿಕೊಂಡು ಹೋಗಬೇಡಿ. ದಾವಣಗೆರೆಯಿಂದ ಸುಮಾರು 260 ಕಿ.ಮೀ. ಹೆದ್ದಾರಿಯಲ್ಲಿ ಲಾರಿಗಳ ನಡುವೆ ಕಾರು ನ್ಯೂಟ್ರಲ್‌ಗೆ ಬಿದ್ದರೆ ಅದು ದುಡ್ಡಿನ ಪ್ರಶ್ನೆಯಾಗಿ ಉಳಿಯುವುದಿಲ್ಲ. ನಿಮ್ಮ ಇನ್ಶೂರೆನ್ಸ್ ಪಾಲಿಸಿಯಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ಇದೆಯಾ, ಎಷ್ಟು ದೂರದವರೆಗೆ ಅಂತ ನೋಡಿ. ಕರೆಸುವಾಗ ಕಾರನ್ನು ಪೂರ್ತಿ ಮೇಲೆ ಹತ್ತಿಸಿಕೊಳ್ಳುವ ಫ್ಲಾಟ್‌ಬೆಡ್ಡೇ ಬೇಕು ಅಂತ ಒತ್ತಿ ಹೇಳಿ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರು ಇದು, ಎರಡು ಚಕ್ರ ಎತ್ತಿ ಎರಡನ್ನು ನೆಲದ ಮೇಲೆ ಎಳೆದುಕೊಂಡು ಹೋದರೆ ಚೆನ್ನಾಗಿದ್ದ ಹಾಲ್ಡೆಕ್ಸ್ ಕೂಡ ಹಾಳಾಗುತ್ತದೆ. ಕಾರು ಹತ್ತಿಸುವ ಮೊದಲು ನಾಲ್ಕೂ ಕಡೆಯಿಂದ, ಮೀಟರ್ ಕಾಣುವ ಹಾಗೆ ಒಳಗಿನಿಂದಲೂ ವಿಡಿಯೊ ಮಾಡಿಕೊಳ್ಳಿ.

ಸ್ಕ್ಯಾನ್ ವರದಿ ಕೈಗೆ ಬಂದ ಮೇಲೆ ಗೇರ್‌ಬಾಕ್ಸ್ ಇಳಿಸುವ ಮಾತು ಬಂದರೆ, ಒಪ್ಪುವ ಮೊದಲು ಆ ವರದಿ ಮತ್ತು ಎಸ್ಟಿಮೇಟ್ ಎರಡನ್ನೂ ನನಗೆ ಕಳಿಸಿ. ಯಾವ ಸಾಲಿಗೆ ಏನು ಕೇಳಬೇಕು ಅಂತ ಗುರುತು ಹಾಕಿ ಕಳಿಸುತ್ತೇನೆ.